ಲೆಕ್ಕ ಕೇಳಿದವರ ಪಕ್ಕ ಕೂತವರಿಗೆ

ಹೋದ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಚರ್ಚ್‌ನಲ್ಲಿ ಲೆಕ್ಕ ಓದಿದರು. ಕಟ್ಟಡ ನಿಧಿಗೆ ಬಂದದ್ದು, ಅಂಗಡಿ ಮಳಿಗೆಗಳ ಬಾಡಿಗೆ, ತೇರಿನ ಹಬ್ಬದ ಖರ್ಚು, ಎಲ್ಲ. ಓದಿದವರು ಹೊಸದಾಗಿ ಬಂದ ಫಾದರ್. ಪೂರ್ತಿ ಹಣದ ಲೆಕ್ಕ ಸಿಕ್ಕಿತು ಅಂತಲ್ಲ. ಕೆಲವು ಖರ್ಚಿನ ಎದುರು 'ರಸೀದಿ ಇಲ್ಲ' ಎಂದೇ ಬರೆದಿದೆ. ಇಲ್ಲ ಅನ್ನುವುದನ್ನು ಇಲ್ಲ ಅಂತ ಬರೆದು ಬೋರ್ಡಿಗೆ ಹಾಕಿದ್ದಾರಲ್ಲ, ಅದಕ್ಕೇ ಈ ಬರಹ. ಯಾರ ಹೆಸರನ್ನೂ ಹಾಕುವುದಿಲ್ಲ. ಇದೇ ಊರಲ್ಲಿ ಬಾಳಬೇಕು, ಅಲ್ವಾ?

ಮೊದಲ ಥ್ಯಾಂಕ್ಸ್ ಬ್ಯಾಂಕಿನಿಂದ ರಿಟೈರ್ ಆದ ನಮ್ಮ ಅಂಕಲ್‌ಗೆ. ಚರ್ಚ್‌ನ ಲೆಕ್ಕ ಕೇಳಿ ನಾವು ಕೆಲವರು ಬರೆದ ಮೊದಲ ಪತ್ರದಲ್ಲಿ ಬರೀ ಕೋಪ ಇತ್ತು. ಅವರು ಅದನ್ನು ಓದಿ ಮಡಚಿಟ್ಟರು. "ಬೈಗುಳಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಪ್ರಶ್ನೆ ಬರೀರಿ" ಅಂದರು. ಹಾಗೆ ಬರೆದೆವು. ಯಾವ ತಿಂಗಳ ಬಾಡಿಗೆ, ಯಾವ ಖಾತೆ, ಯಾರ ಸಹಿ, ಇಷ್ಟೇ.

ಬೇರೆ ಊರಿನ ಫಾದರ್ ಒಬ್ಬರು ಒಂದು ಸಂಜೆ ಕೂತು ಚರ್ಚ್‌ನ ಕಾನೂನು ಏನು ಹೇಳುತ್ತದೆ ಅಂತ ಬಿಡಿಸಿ ಹೇಳಿದರು. ಅವರಿಗೂ ನಾವು ಋಣಿ. ಕ್ಯಾಥೊಲಿಕ್ ಚರ್ಚ್‌ನ ಈಗಿರುವ ಕಾನೂನು ಸಂಹಿತೆ 1983ರದ್ದು. ಅದರ 537ನೇ ನಿಯಮದ ಪ್ರಕಾರ ಪ್ರತಿ ಧರ್ಮಕೇಂದ್ರಕ್ಕೂ, ಅಂದರೆ ನಮ್ಮಂಥ ಪ್ರತಿ ಊರಿನ ಚರ್ಚ್‌ಗೂ, ಹಣಕಾಸು ಸಮಿತಿ ಇರಲೇಬೇಕು. ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು ಎನ್ನುವುದು 1287ರಲ್ಲಿದೆ. 212ರಲ್ಲಿ, ಚರ್ಚ್‌ನ ಒಳ್ಳೆಯದಕ್ಕೆ ಸಂಬಂಧಪಟ್ಟ ಅಭಿಪ್ರಾಯವನ್ನು ಗುರುಗಳಿಗೆ ತಿಳಿಸುವುದು ಭಕ್ತರ ಹಕ್ಕು, ಕೆಲವು ಸಲ ಕರ್ತವ್ಯ ಕೂಡ ಅಂತ ಇದೆ. ನಾವೇನೋ ದಂಗೆ ಎದ್ದವರಂತೆ ಹೆದರುತ್ತಾ ಓಡಾಡುತ್ತಿದ್ದೆವು! ಚಿಕ್ಕಂದಿನಿಂದ ಧರ್ಮೋಪದೇಶದ ಕ್ಲಾಸಿಗೆ ಹೋದ ನಮಗೆ ಇದನ್ನು ಯಾರೂ ಯಾಕೆ ಹೇಳಲಿಲ್ಲ ಅನ್ನುವುದು ಬೇರೆ ವಿಷಯ.

ಕಾನೂನು ಗೊತ್ತಾದರೂ ಸಹಿ ಹಾಕುವುದು ಸುಲಭ ಇರಲಿಲ್ಲ. ಹಿರಿಯರಿಗೆ ಸ್ವಾಮಿಗಳ, ಅಂದರೆ ಫಾದರ್ ಅವರ, ಶಾಪ ತಟ್ಟುತ್ತದೆ ಅನ್ನುವ ಭಯ. ಚಿಕ್ಕವರಿಗೆ ಮಕ್ಕಳ ಸ್ಕೂಲ್ ಸೀಟಿನ ಭಯ. ಅದಕ್ಕೆ ಫಾದರ್ ಪತ್ರ ಬೇಕು. ಮದುವೆಗೂ ಬೇಕು. ಮಗಳ ಮದುವೆ ಗೊತ್ತಾಗಿದ್ದ ಒಬ್ಬ ಅಕ್ಕ ಮಾತ್ರ ಪೆನ್ನು ಕಿತ್ತುಕೊಂಡು ಸಹಿ ಹಾಕಿದರು. "ಪತ್ರ ಕೊಡದೆ ಹೋದರೆ ಅದನ್ನೂ ಸೇರಿಸಿ ಬಿಷಪ್ಪರಿಗೆ ಬರೆಯೋಣ ಬಿಡು" ಅಂದರು. ಪತ್ರವೂ ಸಿಕ್ಕಿತು, ಮದುವೆಯೂ ಆಯಿತು. ಊಟವೂ ಚೆನ್ನಾಗಿತ್ತು.

"ಇಂಥ ಕಾಲದಲ್ಲಿ ಮನೆ ಜಗಳ ಬೀದಿಗೆ ತರ್ತೀರಾ?" ಎಂದು ಕೇಳಿದವರೂ ಇದ್ದರು. ಅವರನ್ನು ಸುಮ್ನೆ ತಳ್ಳಿಹಾಕಲು ನನಗೆ ಆಗುವುದಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಕಡೆ ಚರ್ಚ್‌ಗಳ ಮೇಲೆ ದಾಳಿ ನಡೆದದ್ದು ನಮಗೆ ಯಾರಿಗೂ ಮರೆತಿಲ್ಲ. ಸಣ್ಣ ಸಮುದಾಯ, ಹೊರಗಿನವರ ಕೈಗೆ ಯಾಕೆ ಕೋಲು ಕೊಡಬೇಕು ಅನ್ನುವ ಸಂಕಟ ನಿಜವೇ. ಆದರೆ ಆ ಸಂಕಟವನ್ನೇ ತೋರಿಸಿ ಲೆಕ್ಕ ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಗುಂಪಿಗೆ ಥ್ಯಾಂಕ್ಸ್ ಹೇಳಬೇಕು. ಅವರು ಇದನ್ನು ಓದುವುದಿಲ್ಲ. ಚಿಲಿ ದೇಶದ ದಕ್ಷಿಣದಲ್ಲಿ ಒಸೊರ್ನೊ ಅಂತ ಊರಿದೆ. ಅಲ್ಲಿಗೆ 2015ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರು ಹುವಾನ್ ಬಾರೋಸ್ ಅವರನ್ನು ಬಿಷಪ್ ಆಗಿ ನೇಮಿಸಿದರು. ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದಕ್ಕೆ ಫಾದರ್ ಫರ್ನಾಂಡೊ ಕರಡೀಮ ಅವರಿಗೆ 2011ರಲ್ಲೇ ವ್ಯಾಟಿಕನ್ ಶಿಕ್ಷೆ ಕೊಟ್ಟಿತ್ತು. ಆ ದೌರ್ಜನ್ಯ ಗೊತ್ತಿದ್ದೂ ಅವರ ಶಿಷ್ಯರಾಗಿದ್ದ ಬಾರೋಸ್ ಬಾಯಿ ಬಿಡಲಿಲ್ಲ ಎಂಬುದು ನೊಂದವರ ಆರೋಪ. ಬಾರೋಸ್ ಇಲ್ಲ ಅಂದರು. ಅವರು ಅಧಿಕಾರ ವಹಿಸಿಕೊಂಡ ದಿನ, ಮಾರ್ಚ್ 21ರಂದು, ಭಕ್ತರು ಕಪ್ಪು ಬಟ್ಟೆ ತೊಟ್ಟು ಕ್ಯಾಥೆಡ್ರಲ್‌ಗೆ, ಅಂದರೆ ಬಿಷಪ್ಪರ ಮುಖ್ಯ ಚರ್ಚ್‌ಗೆ, ಬಂದರು. ಪೂಜೆಗೆ ಹೋಗುವವರೇ, ಹೊರಗಿನವರಲ್ಲ. ಮೂರು ವರ್ಷಕ್ಕೂ ಜಾಸ್ತಿ ಬಿಡದೆ ಕೇಳಿದರು. ಇವರು ಎಡಪಂಥೀಯರ ಮಾತು ಕೇಳುವ ಪೆದ್ದರು ಎಂಬ ಅರ್ಥದಲ್ಲಿ ಸ್ವತಃ ಪೋಪ್ ಮಾತಾಡಿದ ವಿಡಿಯೊ ಕೂಡ ಹೊರಬಂತು. 2018ರ ಜನವರಿಯಲ್ಲಿ ಚಿಲಿಗೆ ಬಂದಾಗಲೂ ಅವರು ಇದೆಲ್ಲ ಅಪವಾದ ಅಂದರು.

ಆಮೇಲೆ ತನಿಖೆಗೆ ಮಾಲ್ಟಾದ ಆರ್ಚ್‌ಬಿಷಪ್ ಚಾರ್ಲ್ಸ್ ಶಿಕ್ಲೂನಾ ಅವರನ್ನು ಕಳಿಸಿದರು. ವರದಿ ಓದಿ, ತಾನು ದೊಡ್ಡ ತಪ್ಪು ಮಾಡಿದೆ ಎಂದು ಏಪ್ರಿಲ್‌ನಲ್ಲಿ ಪೋಪ್ ಬರೆದರು. ಜೂನ್ 11ಕ್ಕೆ ಬಾರೋಸ್ ರಾಜೀನಾಮೆ ಅಂಗೀಕಾರವಾಯಿತು. ಅದೇ ತಿಂಗಳು ಶಿಕ್ಲೂನಾ ಒಸೊರ್ನೊದ ಕ್ಯಾಥೆಡ್ರಲ್‌ನಲ್ಲಿ ಮಂಡಿಯೂರಿ ಪೋಪ್ ಪರವಾಗಿ ಕ್ಷಮೆ ಕೇಳಿದರು. ನಮ್ಮದು ಹಣದ ವಿಷಯ, ಅವರದ್ದು ಮಕ್ಕಳ ನೋವಿನ ವಿಷಯ. ಎರಡನ್ನೂ ತೂಕಕ್ಕೆ ಹಾಕುವುದಿಲ್ಲ. ಆದರೆ ಒಂದು ರಾತ್ರಿ ಜಪಸರ ಮುಗಿಸಿ ಈ ಕಥೆ ಓದಿಕೊಂಡಾಗ, ಬಿಷಪ್ಪರ ಮನೆಯಿಂದ ಉತ್ತರ ಬಾರದ ನಮ್ಮ ಪತ್ರವನ್ನು ಮತ್ತೆ ಕಳಿಸುವ ಧೈರ್ಯ ಬಂತು.

ಈಗ ಹೇಳಲೇಬೇಕಾದ ಮಾತು. ಪತ್ರ ಬರೆಯುವುದಕ್ಕಿಂತ ಕಷ್ಟವಾದದ್ದು ಭಾನುವಾರ ಬೆಂಚಿನಲ್ಲಿ ಕೂರುವುದು. ಚರ್ಚ್‌ನ ಹಾಡುವ ತಂಡ ಕೊಯರ್‌ನಲ್ಲಿ ನನಗೆ ಜಾಗ ಇಲ್ಲವಾಯಿತು. ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರುವಾಗ ಸುತ್ತ ಇದ್ದವರು ಕೈ ಜೋಡಿಸದೆ ಬಲಿಪೀಠದ ಕಡೆಗೇ ನೋಡುತ್ತಿದ್ದರು. ಆಗ ಒಬ್ಬ ಅಜ್ಜಿ ತಮ್ಮ ಎಂದಿನ ಮುಂದಿನ ಬೆಂಚು ಬಿಟ್ಟು ಎದ್ದು ಬಂದು ನನ್ನ ಪಕ್ಕ ಕೂತರು. ಅವರು ನಮ್ಮ ಪತ್ರಕ್ಕೆ ಸಹಿ ಹಾಕಿರಲಿಲ್ಲ. "ನೀನು ಮಾಡಿದ್ದು ಸರಿನೋ ತಪ್ಪೋ ನಂಗೊತ್ತಿಲ್ಲ ಮಗ, ಒಬ್ಬಳೇ ಕೂರಬೇಡ" ಅಂದರು. ಮುಂದಿನ ವಾರವೂ ಬಂದರು. ಆಮೇಲೆ ಅವರ ಸೊಸೆ ಬಂದಳು. ಮೊಮ್ಮಕ್ಕಳು ಬಂದರು. ಫಾದರ್ ಪ್ರಸಂಗ ಹೇಳುವಾಗ ಗಲಾಟೆ ಮಾಡಿದರು, ನನಗೆ ಎಷ್ಟು ಖುಷಿಯಾಯಿತು ಅಂತೀರಿ! ಅಜ್ಜಿ, ನಿಮ್ಮ ಋಣ ನಾನು ತೀರಿಸಲಾರೆ.

ನಮ್ಮ ವಿರುದ್ಧ ನಿಂತವರಿಗೂ ಒಂದು ಮಾತು. ಈ ಗಲಾಟೆಯ ನಡುವೆಯೇ ನಮ್ಮ ಮಾವನವರು ತೀರಿಕೊಂಡರು. ಯಾರು ಬರುತ್ತಾರೋ ಇಲ್ಲವೋ ಅಂದುಕೊಂಡಿದ್ದೆವು. ನೀವು ಬಂದಿರಿ. ಪೆಟ್ಟಿಗೆಗೆ ಹೆಗಲು ಕೊಟ್ಟಿರಿ, ರಾತ್ರಿಯೆಲ್ಲ ಹಾಡಿದಿರಿ, ಬೆಳಿಗ್ಗೆ ಕಾಫಿ ಕಾಸಿ ತಂದಿರಿ. ಲೆಕ್ಕದ ಬಗ್ಗೆ ಒಬ್ಬರೂ ಒಂದು ಮಾತು ಎತ್ತಲಿಲ್ಲ. ಅದನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ. ಹೊಸ ಹಣಕಾಸು ಸಮಿತಿಯಲ್ಲಿ ಇನ್ನೂ ಜಾಗ ಖಾಲಿ ಇದೆ. ಸಹಿ ಹಾಕಿದವರೇ ಅದರಲ್ಲಿ ತುಂಬಿಕೊಂಡರೆ ಚೆನ್ನಾಗಿರುವುದಿಲ್ಲ. ನಿಮ್ಮ ಕಡೆಯಿಂದಲೂ ಯಾರಾದರೂ ಬನ್ನಿ. ಹೆಸರನ್ನು ಧರ್ಮೋಪದೇಶ ಹೇಳಿಕೊಡುವ ಉಪದೇಶಿಗಳ ಹತ್ತಿರ ಕೊಟ್ಟರೆ ಸಾಕು.