ವಾರ್ಡಿಗೊಂದು ಹತ್ಯಾರಿನ ಕೋಣೆ ಆಗ್ಲಿ

ಮಾನ್ಯ ಸಂಪಾದಕರೇ,

ಮನೆ ರಿಪೇರಿಯನ್ನು ಸ್ವಂತ ಕೈಯಲ್ಲೇ ಮಾಡಿಕೊಳ್ಳುವ ಹುಚ್ಚು ಇರುವವರು ನಮ್ಮ ಉಡುಪಿ, ಮಂಗಳೂರು ಕಡೆ ಬೇಕಾದಷ್ಟು ಜನ ಇದ್ದೇವೆ. ಬ್ಯಾಂಕಿನವರು, ಮೇಷ್ಟ್ರುಗಳು, ಗಲ್ಫಿನಲ್ಲಿ ದುಡಿದು ವಾಪಸ್ ಬಂದವರು, ಇಂಜಿನಿಯರಿಂಗ್ ಓದುವ ಮಕ್ಕಳು, ಭಾನುವಾರ ತಿಂಡಿ ಆದ ಕೂಡಲೇ ಸ್ಪ್ಯಾನರ್ ಹಿಡ್ಕೊಂಡು ಸಿಂಕಿನ ಅಡಿಗೆ ಹೋಗುವವರು. ನಾನೂ ಇವರಲ್ಲೊಬ್ಬ. ಈ ಪತ್ರದಲ್ಲಿ ನಾನು ಕೇಳುವುದು ಇಷ್ಟೇ, ಹತ್ಯಾರುಗಳನ್ನು ಲೈಬ್ರರಿ ಪುಸ್ತಕದ ಹಾಗೆ ಎರವಲು ಕೊಡುವ ಒಂದು ಕೋಣೆ ನಮ್ಮ ಊರುಗಳಲ್ಲಿ ಆಗಬೇಕು, ಅದರ ಒಟ್ಟಿಗೆ ಆ ಹತ್ಯಾರನ್ನು ಕೈಕಾಲು ಉಳಿಸಿಕೊಂಡು ಬಳಸಲಿಕ್ಕೆ ಕಲಿಸುವ ಸಂಜೆ ಕ್ಲಾಸೂ ಆಗಬೇಕು.

ಯಾವುದಾದರೂ ಒಂದು ಫ್ಲ್ಯಾಟಿನಲ್ಲಿ ಮನೆಮನೆಗೆ ಹೋಗಿ ಡ್ರಿಲ್ ಮಷಿನ್ ಉಂಟಾ ಕೇಳಿ ನೋಡಿ, ಅರ್ಧಕ್ಕರ್ಧ ಮನೆಯಲ್ಲಿ ಇರ್ತದೆ. ಕರ್ಟನ್ ರಾಡ್ ಹಾಕಲಿಕ್ಕೆ, ಕ್ಯಾಲೆಂಡರಿಗೆ ಮೊಳೆ ಹೊಡೀಲಿಕ್ಕೆ ಹೇಳಿ ತಂದದ್ದು, ಆಮೇಲೆ ಪೆಟ್ಟಿಗೆಯಿಂದ ಹೊರಗೆ ಬರ್ಲೇ ಇಲ್ಲ. ನಮ್ಮ ಸಮುದ್ರದ ಗಾಳಿ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಸುರಿಯುವ ಮಳೆ, ಇದರ ಎದುರು ಉಪಯೋಗಿಸದೆ ಇಟ್ಟ ಕಬ್ಬಿಣ ಎಷ್ಟು ದಿನ ನಿಲ್ತದೆ? ಜೂನಿನಲ್ಲಿ ಮುಚ್ಚಿಟ್ಟ ಟೂಲ್ ಬಾಕ್ಸ್ ನವರಾತ್ರಿಗೆ ಆಯುಧ ಪೂಜೆ ಹೇಳಿ ತೆಗೆದ್ರೆ ಪ್ಲಯರಿನ ಬಾಯಿ ಬಿಡ್ಲಿಕ್ಕಾಗುವುದಿಲ್ಲ, ಅರದ ಹಲ್ಲಿನಲ್ಲೆಲ್ಲ ಕೆಂಪು ಪುಡಿ. ತುಂಬ ಮನೆಯಲ್ಲಿ ತೆಂಗಿನೆಣ್ಣೆ ಹಚ್ಚಿ ಇಡ್ತಾರೆ, ಅದು ತಿಂಗಳು ಕಳೆದ ಹಾಗೆ ಅಂಟಂಟಾಗಿ ಧೂಳು ಹಿಡೀತದೆ. ಹೊಲಿಗೆ ಮಷಿನಿಗೆ ಬಿಡುವ ಎಣ್ಣೆಯನ್ನೇ ಬಟ್ಟೆಯಲ್ಲಿ ತೆಳುವಾಗಿ ಒರೆಸಿ ಇಡಿ, ಮಳೆಗಾಲದಲ್ಲಿ ಆಗಾಗ ತೆಗೆದು ನೋಡಿ. ನಾಲ್ಕು ಜನರ ಕೈಯಲ್ಲಿ ಓಡಾಡುವ ಹತ್ಯಾರಿಗಾದರೆ ತುಕ್ಕು ಹಿಡಿಯಲಿಕ್ಕೆ ಪುರುಸೊತ್ತೇ ಸಿಗುವುದಿಲ್ಲ.

ಎರವಲು ಕೊಡುವುದೆಲ್ಲ ವಿದೇಶದ ವಿಚಾರ, ಇಲ್ಲಿ ನಡೆಯುವುದಿಲ್ಲ ಅಂತ ಕೆಲವರು ಹೇಳ್ತಾರೆ. ಮಾರಾಯ್ರೆ, ನಮ್ಮ ಊರಿನ ಭಜನಾ ಮಂದಿರದಲ್ಲಿ, ಯುವಕ ಮಂಡಲದಲ್ಲಿ ಎಷ್ಟು ವರ್ಷದಿಂದ ಕಡಾಯಿ, ಸೌಟು, ಕುರ್ಚಿ, ಶಾಮಿಯಾನ ಕೊಡ್ತಾ ಬಂದಿದ್ದಾರೆ ನೋಡಿ. ಪುಸ್ತಕದಲ್ಲಿ ಹೆಸರು ಬರೆಯುವುದು, ಸಣ್ಣ ಬಾಡಿಗೆ, ಪಾತ್ರೆ ನೆಗ್ಗಿದ್ರೆ ದಂಡ, ತೊಳೆದು ವಾಪಸ್ ತಂದಿಡಬೇಕು. ಊರಿನ ಎಲ್ಲ ಮದುವೆ, ಪೂಜೆ ಅದರಲ್ಲೇ ನಡೆದಿದೆ. ಅದೇ ಕಪಾಟಿನ ಪಕ್ಕ ಇನ್ನೊಂದು ಕಪಾಟು ಇಟ್ಟು ಅದರಲ್ಲಿ ಡ್ರಿಲ್, ಪೈಪ್ ರೆಂಚ್, ಏಣಿ ಇಟ್ಟರೆ ಎಂತ ತೊಂದರೆ? ಅಮೆರಿಕದ ಬರ್ಕ್ಲಿ ಊರಿನ ಸಾರ್ವಜನಿಕ ಲೈಬ್ರರಿ 1979ರಿಂದ ಈ ಕೆಲಸ ಮಾಡ್ತಾ ಉಂಟು, ಸುತ್ತಿಗೆಯಿಂದ ಹಿಡಿದು ದೊಡ್ಡ ಮಷಿನ್ ತನಕ ಲೈಬ್ರರಿ ಕಾರ್ಡಿನಲ್ಲೇ ಕೊಡ್ತಾರೆ. ನಾವೂ ಮನೆ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುವವರೇ ಅಲ್ವಾ, 1965ರ ಗ್ರಂಥಾಲಯ ಕಾಯಿದೆ ಬಂದ ಮೇಲೆ ಅದು ನಡೆದುಕೊಂಡು ಬಂದಿದೆ. ಹಾಗಾಗಿ ಲೈಬ್ರರಿ ಇಲಾಖೆಯವರನ್ನು ಕೇಳುವುದರಲ್ಲಿ ತಪ್ಪಿಲ್ಲ. ಅವರಿಗೆ ಆಗದಿದ್ರೆ ಯುವಕ ಮಂಡಲಗಳೇ ಸೈ.

ಬರೀ ಹತ್ಯಾರು ಕೊಟ್ಟರೆ ಸಾಲದು. ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲಿಯೇ, ಯಾಕೆಂದ್ರೆ ಈಗ ಎಲ್ಲರೂ ಕಲಿಯುವುದು ಮೊಬೈಲಿನಲ್ಲಿ ವಿಡಿಯೋ ನೋಡಿ, ಆ ವಿಡಿಯೋ ಮಾಡಿದವರ ದೇಶದ ಗೋಡೆ ಬೇರೆ, ಕರೆಂಟ್ ಬೇರೆ. ಅಮೆರಿಕದವರ ಮನೆಯ ಸಾಕೆಟಿನಲ್ಲಿ 120 ವೋಲ್ಟು, ನಮ್ಮಲ್ಲಿ 230. ಅವರ ಗೋಡೆ ಮರದ ಚೌಕಟ್ಟಿಗೆ ಹಲಗೆ ಹೊಡೆದದ್ದು, ನಮ್ಮದು ಕೆಂಪುಕಲ್ಲು.

ಕೆಂಪುಕಲ್ಲಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೇನೆ, ಇದರಲ್ಲಿ ಕೈಸುಟ್ಟುಕೊಳ್ಳದವರು ಕಡಿಮೆ. ಮೇಲೆ ಸಿಮೆಂಟಿನ ಸಾರಣೆ ಗಟ್ಟಿ ಇರ್ತದೆ, ಅದು ದಾಟಿದ ಕೂಡಲೇ ಕಲ್ಲು, ಆ ಕಲ್ಲಿನೊಳಗೆ ಅಲ್ಲಲ್ಲಿ ಸಣ್ಣ ಸಣ್ಣ ಪೊಟರೆ, ಅದರಲ್ಲಿ ಮೆತ್ತನೆ ಹಳದಿ ಮಣ್ಣು. ಡ್ರಿಲ್ಲನ್ನು ಹ್ಯಾಮರಿಗೆ, ಅಂದ್ರೆ ತಿರುಗುವುದರ ಒಟ್ಟಿಗೆ ಕುಟ್ಟುವ ಸೆಟ್ಟಿಂಗಿಗೆ ಹಾಕಿ ಒತ್ತಿದ್ರೆ ಸಾರಣೆ ಚಕ್ಕೆ ಎದ್ದು ಬರ್ತದೆ, ಒಳಗಿನ ತೂತು ಬಿಟ್ಟಿನ (ಡ್ರಿಲ್ಲಿಗೆ ಸಿಕ್ಕಿಸುವ ಕೊರೆಯುವ ಕಡ್ಡಿ) ಅಳತೆಗಿಂತ ಎಷ್ಟೋ ದೊಡ್ಡದಾಗ್ತದೆ, ಸ್ಕ್ರೂ ಹಿಡಿಯಲಿಕ್ಕೆ ತೂತಿಗೆ ಹೊಡೆಯುವ ಪ್ಲಾಸ್ಟಿಕ್ ಗಟ್ಟ ಹಾಕಿದ್ರೆ ಅದು ಒಳಗೇ ಗಿರಗಿರ ತಿರುಗ್ತದೆ, ಹಿಡಿಯುವುದಿಲ್ಲ. ಹ್ಯಾಮರ್ ಆಫ್ ಮಾಡಿ, ಮೊದಲು ಸಪೂರದ, ಕಲ್ಲು ಕೊರೆಯುವ ಮ್ಯಾಸನ್ರಿ ಬಿಟ್ಟಿನಲ್ಲಿ ನಿಧಾನಕ್ಕೆ ಹೋಗಿ, ಮತ್ತೆ ಬೇಕಾದ ಅಳತೆಗೆ ಹಿಗ್ಗಿಸಿ. ಭಾರದ ಕಪಾಟು ನೇತು ಹಾಕುವುದಾದರೆ ಹಳೆ ಆಚಾರಿಗಳು ಮಾಡ್ತಿದ್ದದ್ದನ್ನೇ ಮಾಡಬೇಕು, ಒಣಗಿದ ಗಟ್ಟಿ ಮರದ ಗೂಟ ಕೆತ್ತಿ ಬಿಗಿಯಾಗಿ ಹೊಡೆದು ಅದಕ್ಕೆ ಸ್ಕ್ರೂ. ಈ ಬುದ್ಧಿ ಯಾವ ವಿಡಿಯೋದಲ್ಲಿಯೂ ಇಲ್ಲ, ಊರಿನ ಆಚಾರಿಗಳ ಕೈಯಲ್ಲಿ ಉಂಟು. ಕ್ಲಾಸಿಗೆ ಅವರನ್ನೇ ಕರೆದು, ಸರಿಯಾದ ಸಂಬಳ ಕೊಟ್ಟು ಕಲಿಸಬೇಕು ಅಂತ ನಾನು ಹೇಳುವುದು ಅದಕ್ಕೇ.

ಬಾಗಿಲಿನ ಕಥೆಯೂ ಹಾಗೆಯೇ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ದಾರಂದಕ್ಕೆ (ಚೌಕಟ್ಟಿಗೆ) ಉಜ್ಜುತ್ತದೆ, ಹೊಸಬರು ಆಗಲೇ ಕೀಸುಳಿ ಹಿಡಿದು ಅಂಚನ್ನು ಧಾರಾಳ ಕೀಸಿ ಬಿಡ್ತಾರೆ, ಮಾರ್ಚಿನಲ್ಲಿ ಮರ ಒಣಗಿ ಸಣ್ಣದಾದಾಗ ಸಂದಿಯಲ್ಲಿ ಬೆರಳು ಹೋಗ್ತದೆ. ಕೀಸುವುದಾದ್ರೆ ಉಜ್ಜುವ ಜಾಗಕ್ಕೆ ಮಾತ್ರ, ಕಾಗದದಷ್ಟು. ಕೀಸಿದ ಅಂಚಿಗೆ ಕೂಡಲೇ ಪೈಂಟೋ ವಾರ್ನಿಷೋ ಹಚ್ಚಬೇಕು, ಇಲ್ಲದಿದ್ರೆ ಅಲ್ಲಿಂದಲೇ ಪುನಃ ತೇವ ಹೀರ್ತದೆ.

ಕರೆಂಟಿನ ಕೆಲಸ ಮಾತ್ರ ಬೇರೆಯೇ. ಮನೆಯಲ್ಲಿ ಸೀಲಿಂಗ್ ಫ್ಯಾನ್ ನಿಧಾನ ಆಯ್ತು, ಅಥವಾ ಗುಂಯ್ ಅಂತದೆ, ಕೋಲಿನಲ್ಲಿ ದೂಡಿದ್ರೆ ಮಾತ್ರ ತಿರುಗ್ತದೆ ಅಂತಾದ್ರೆ ಹೆಚ್ಚಾಗಿ ಹೋಗಿರುವುದು ಕೆಪಾಸಿಟರ್. ಫ್ಯಾನಿನ ರಾಡಿಗಿರುವ ಕಪ್ಪಿನಂತಹ ಮುಚ್ಚಳದೊಳಗೆ ಇರುವ ಸಣ್ಣ ಡಬ್ಬಿ, ತುಂಬ ಫ್ಯಾನುಗಳಿಗೆ 2.5 ಮೈಕ್ರೋಫ್ಯಾರಡ್, ನೂರು ರೂಪಾಯಿ ಒಳಗೆ ಸಿಗ್ತದೆ. ಬದಲಾಯಿಸುವುದು ಸುಲಭ, ಆದ್ರೆ ಆ ಸುಲಭದಲ್ಲೇ ಅಪಾಯ. ಗೋಡೆಯ ಸ್ವಿಚ್ ಆಫ್ ಮಾಡಿ ಏಣಿ ಹತ್ತುವವರೇ ಜಾಸ್ತಿ. ಹಳೆ ಮನೆಗಳಲ್ಲಿ ಸ್ವಿಚ್ಚು ಕರೆಂಟ್ ಬರುವ ಫೇಸ್ ವಯರಿನ ಬದಲು ವಾಪಸ್ ಹೋಗುವ ನ್ಯೂಟ್ರಲ್ ವಯರಿನ ಮೇಲೆ ಕೂತಿದ್ರೆ ಫ್ಯಾನ್ ನಿಂತಿರ್ತದೆ, ವಯರಿನಲ್ಲಿ ಕರೆಂಟ್ ಹಾಗೇ ಇರ್ತದೆ. ಮೈನ್ ಬೋರ್ಡಿನಲ್ಲಿರುವ ಎಂಸಿಬಿಯನ್ನೇ (ಲೋಡ್ ಜಾಸ್ತಿಯಾದ್ರೆ ತಾನಾಗಿ ಬೀಳುವ ಸ್ವಿಚ್ಚು) ಇಳಿಸಬೇಕು, ಮೊದಲು ಕರೆಂಟ್ ಇರುವ ಪ್ಲಗ್ಗಿನಲ್ಲಿ ಟೆಸ್ಟರ್ ಉರಿಯುತ್ತಾ ನೋಡಿಕೊಂಡು ಮತ್ತೆ ಫ್ಯಾನಿನ ವಯರಿಗೆ ಹಿಡೀಬೇಕು, ಹಳೆ ಕೆಪಾಸಿಟರಿನ ಎರಡು ತುದಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಅದರಲ್ಲಿ ಚಾರ್ಜ್ ಉಳಿದಿರಬಹುದು. ಜೋರಾಗಿ ತಿರುಗಲಿ ಅಂತ ದೊಡ್ಡ ನಂಬರಿನದ್ದು ಹಾಕಿದ್ರೆ ವೈಂಡಿಂಗ್ ಬಿಸಿಯಾಗಿ ಸುಟ್ಟು ಹೋಗ್ತದೆ, ಅದೇ ನಂಬರ್ ಹಾಕಿ. ಇಷ್ಟನ್ನು ಒಬ್ಬರು ಎದುರಿಗೆ ನಿಂತು ತೋರಿಸಿದ್ರೆ ಜನ್ಮಕ್ಕೆ ಸಾಕು.

ಇನ್ನೊಂದು ವಿನಂತಿ ಎಲ್ಲ ಮನೆಯವರಿಗೂ, ಡ್ರಿಲ್ ತೆಗೆದುಕೊಳ್ಳುವ ಮೊದಲು ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ಲೈನ್ ಕಡಿಯುವ ಸ್ವಿಚ್ಚು, ಹಾಕಿಸಿ. ಎಂಸಿಬಿ ಇದ್ರೆ ಸಾಕಲ್ವಾ ಅಂತ ಕೇಳ್ತಾರೆ. ಎಂಸಿಬಿ ಕಾಯುವುದು ವಯರನ್ನು, ಆರ್‌ಸಿಸಿಬಿ ಕಾಯುವುದು ಮನುಷ್ಯನನ್ನು. ಹೋದ ಕರೆಂಟು, ಬಂದ ಕರೆಂಟು ಇಷ್ಟು ವ್ಯತ್ಯಾಸ ಆಯ್ತು ಅಂದ್ರೆ ಎಲ್ಲೋ ಸೋರ್ತಾ ಉಂಟು ಅಂತ ಅದಕ್ಕೆ ಗೊತ್ತಾಗಿ ಕಣ್ಣುಮುಚ್ಚಿ ತೆಗೆಯುವುದರೊಳಗೆ ಬಿದ್ದು ಬಿಡ್ತದೆ. ಒದ್ದೆ ನೆಲ, ಪಸೆ ಹಿಡಿದ ಗೋಡೆ ಇರುವ ನಮ್ಮ ಮಳೆಗಾಲದಲ್ಲಿ ಇದು ಇಲ್ಲದೆ ಮೋಟರ್, ವಾಷಿಂಗ್ ಮಷಿನ್ ಓಡಿಸುವುದೇ ತಪ್ಪು. ಇದನ್ನು ಲೈಸನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ಮೀಟರಿನ ಹತ್ತಿರ, ಮೈನ್ ಲೈನಿಗೆ ಹವ್ಯಾಸಿಗಳು ಕೈ ಹಾಕುವ ಹಾಗೇ ಇಲ್ಲ. ಹೊರಗೆ ತಂತಿ ಬಿದ್ದಿದ್ರೆ ಕರೆಂಟ್ ಕಂಪನಿ ಮೆಸ್ಕಾಂನ 1912ಕ್ಕೆ ಫೋನ್ ಮಾಡಿ ದೂರ ನಿಲ್ಲಿ. ಅಲ್ಯುಮಿನಿಯಂ ಏಣಿಯನ್ನು ಲೈನಿನ ಅಡಿಯಲ್ಲಿ ಎತ್ತಿ ನಿಲ್ಲಿಸಬೇಡಿ.

ಹೀಗೆ ಎಲ್ಲರೂ ರಿಪೇರಿ ಕಲಿತ್ರೆ ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳ ಹೊಟ್ಟೆಯ ಮೇಲೆ ಹೊಡೆದ ಹಾಗಲ್ವಾ ಅಂತ ಒಬ್ಬ ಗೆಳೆಯರು ನನ್ನ ಹತ್ರ ಕೇಳಿದ್ರು. ನ್ಯಾಯವಾದ ಪ್ರಶ್ನೆ. ಆದ್ರೆ ನಮ್ಮ ಊರಿನ ಸ್ಥಿತಿ ನೋಡಿ, ಮಕ್ಕಳು ಬೆಂಗಳೂರು, ಮುಂಬಯಿ, ದುಬೈ ಅಂತ ಹೋಗಿದ್ದಾರೆ, ದೊಡ್ಡ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ನಲ್ಲಿ ಸೋರ್ತಾ ಉಂಟು ಅಂತ ಫೋನ್ ಮಾಡಿದ್ರೆ ಪ್ಲಂಬರ್ ನಾಳೆ ಬರ್ತೇನೆ ಅಂತಾರೆ, ಅವರದ್ದೂ ತಪ್ಪಲ್ಲ, ಒಂದು ವಾಶರಿಗೋಸ್ಕರ ಪರ್ಕಳದಿಂದ ಮಲ್ಪೆ ತನಕ ಬೈಕಿನಲ್ಲಿ ಬಂದ್ರೆ ಪೆಟ್ರೋಲಿಗೆ ಸರಿ ಆಗ್ತದೆ. ನಾವು ಕೇಳುವುದು ಆ ವಾಶರಿನ ಕೆಲಸವನ್ನು. ಬಾತ್‌ರೂಮಿನ ಪೈಪ್‌ಲೈನ್ ಹೊಸದಾಗಿ ಎಳೆಯುವುದು, ಬೋರಿನ ಪಂಪು ಎತ್ತುವುದು ಅವರೇ ಮಾಡಬೇಕು, ಮಾಡ್ತಾರೆ ಕೂಡ. ಅಡುಗೆಮನೆಯಲ್ಲಿ ಮಿಕ್ಸಿ ನಿಂತು ಹೋದ್ರೆ ಅಡಿಯಲ್ಲಿರುವ ಕೆಂಪು ಓವರ್‌ಲೋಡ್ ಬಟನ್ ಒತ್ತಲಿಕ್ಕೆ ಗೊತ್ತಿಲ್ಲದೆ ಅದನ್ನು ರಿಕ್ಷಾದಲ್ಲಿ ಅಂಗಡಿಗೆ ಹೊತ್ತುಕೊಂಡು ಹೋಗುವ ಅಮ್ಮಂದಿರಿಗೆ ಇದನ್ನು ಹೇಳಿಕೊಟ್ಟರೆ ಯಾರ ದುಡಿಮೆಯೂ ಹಾಳಾಗುವುದಿಲ್ಲ. ಈ ಕ್ಲಾಸಿಗೆ ಹೆಂಗಸರು ಬರಬೇಕು ಅಂತ ನನಗೆ ಬಹಳ ಉಂಟು, ಹಗಲು ಹೊತ್ತು ಮನೆ ನೋಡಿಕೊಳ್ಳುವುದು ಹೆಚ್ಚಾಗಿ ಅವರೇ ಅಲ್ವಾ, ಟೆಸ್ಟರ್ ಮಾತ್ರ ಗಂಡಸರ ಡ್ರಾಯರಿನಲ್ಲಿ.

ರಿಪೇರಿ ಮಾಡುವ ಮನಸ್ಸಿದ್ರೂ ಆಗದ ಹಾಗೆ ಸಾಮಾನು ಮಾಡುವ ಕಂಪನಿಗಳದ್ದೂ ಒಂದು ತಲೆನೋವು. ನಮ್ಮ ಮಂಗಳೂರು ಹಂಚನ್ನೇ ನೋಡಿ, 1865ರಲ್ಲಿ ಬಾಸೆಲ್ ಮಿಷನಿನವರು ಇಲ್ಲಿ ಕಾರ್ಖಾನೆ ಶುರು ಮಾಡಿದ್ರು, ಒಂದು ಹಂಚು ಒಡೆದ್ರೆ ಆ ಒಂದನ್ನೇ ಎತ್ತಿ ಇನ್ನೊಂದನ್ನು ಕೊಕ್ಕೆಗೆ ಕೂರಿಸಿದ್ರೆ ಮುಗೀತು, ಮಾಡು (ಛಾವಣಿ) ಪೂರ್ತಿ ಬಿಚ್ಚಬೇಕಂತಿಲ್ಲ. ಈಗಿನ ಎಷ್ಟೋ ಸಾಮಾನನ್ನು ಗಮ್ಮು ಹಾಕಿ ಮುಚ್ಚಿರ್ತಾರೆ, ಸ್ಕ್ರೂ ಇದ್ರೂ ಅದರ ತಲೆ ನಮ್ಮ ಯಾವ ಡ್ರೈವರಿಗೂ ಕೂರುವುದಿಲ್ಲ, ಬಿಡಿಭಾಗ ಕೇಳಿದ್ರೆ ಪೂರ್ತಿ ಬೋರ್ಡೇ ಬದಲಾಯಿಸಿ ಅಂತಾರೆ. ಕೇಂದ್ರ ಸರಕಾರ 2022ರ ಜುಲೈಯಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ ಕೃಷಿ ಯಂತ್ರ, ಮೊಬೈಲು, ಮನೆ ಬಳಕೆ ಸಾಮಾನು, ವಾಹನ ಈ ನಾಲ್ಕನ್ನು ಹಿಡಿದುಕೊಂಡಿತ್ತು. ಒಳ್ಳೆದಾಯ್ತು. ಆದ್ರೆ ಹಕ್ಕು ಬಂದ ಮೇಲೂ ಬಿಚ್ಚುವ ಹತ್ಯಾರು, ಬಿಚ್ಚಲಿಕ್ಕೆ ಗೊತ್ತಿರುವ ಜನ ಊರಲ್ಲಿ ಇರಬೇಕಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ 2009ರಲ್ಲಿ ರಿಪೇರಿ ಕೆಫೆ ಅಂತ ಶುರುವಾಯ್ತು, ಹಾಳಾದ ಸಾಮಾನು ತರುವುದು, ಗೊತ್ತಿದ್ದವರು ಪಕ್ಕದಲ್ಲಿ ಕೂತು ಒಟ್ಟಿಗೆ ಸರಿ ಮಾಡುವುದು. ಬೆಂಗಳೂರಿನಲ್ಲಿಯೂ 2015ರಿಂದ ಮಾಡ್ತಾ ಇದ್ದಾರೆ. ಮಂಗಳೂರಿನಲ್ಲಿ 1946ರಿಂದ ಪಾಲಿಟೆಕ್ನಿಕ್ ಉಂಟು, ಐಟಿಐ ಉಂಟು, ಮಣಿಪಾಲದಲ್ಲಿ ಇಂಜಿನಿಯರಿಂಗ್ ಕಾಲೇಜು ಉಂಟು. ಶನಿವಾರ ಸಂಜೆ ಒಂದು ವರ್ಕ್‌ಶಾಪಿನ ಬೀಗ ತೆಗೆದುಕೊಟ್ಟರೆ ನಮಗೆ ಸಾಕು.

ಕೋಣೆಯಲ್ಲಿ ಎಂತೆಲ್ಲ ಇರಬೇಕು ಅಂತ ಕೇಳಿದ್ರೆ, ಒಂದು ಒಳ್ಳೆಯ ಡ್ರಿಲ್, ಬಿಟ್ಟುಗಳ ಸೆಟ್, ಪೈಪ್ ರೆಂಚ್ ಎರಡು (ಒಂದರಲ್ಲಿ ಹಿಡಿದು ಒಂದರಲ್ಲಿ ತಿರುಗಿಸಬೇಕು, ಅದಕ್ಕೇ ಎರಡು), ಮಲ್ಟಿಮೀಟರ್, ಲೆವೆಲ್, ಮಡಚುವ ಏಣಿ, ಕನ್ನಡಕ, ಕೈಗವಸು. ಕಬ್ಬಿಣ, ಕಲ್ಲು ಕೊಯ್ಯುವ ಆಂಗಲ್ ಗ್ರೈಂಡರನ್ನು ಮಾತ್ರ ಕ್ಲಾಸಿನಲ್ಲಿ ಕೂತು ಕಲಿತವರಿಗೇ ಕೊಡಬೇಕು, ನಾಲ್ಕು ಇಂಚಿನ ಬಿಲ್ಲೆ ನಿಮಿಷಕ್ಕೆ 11,000 ಸುತ್ತಿನ ಹತ್ತಿರ ತಿರುಗುವ ಮಷಿನ್ ಅದು. ಅದರ ಗಾರ್ಡ್ ಬಿಚ್ಚಿ ಮರ ಕೊಯ್ಯುವ ಬ್ಲೇಡ್ ಹಾಕಿ ಓಡಿಸುವವರನ್ನು ನೋಡಿದ್ರೆ ನನ್ನ ಎದೆ ಹೊಡೆದುಕೊಳ್ತದೆ. ಮರ ಕೊಯ್ಯುವ ದೊಡ್ಡ ಚೈನ್ ಗರಗಸ ಬೇಡವೇ ಬೇಡ. ಡೆಪಾಸಿಟ್ ಸಣ್ಣದಿರಲಿ, ವಾಪಸ್ ತರುವಾಗ ಒರೆಸಿ ಎಣ್ಣೆ ಹಾಕಿ ತರಬೇಕು ಅಂತ ನಿಯಮ ಇರಲಿ, ಮುರಿದದ್ದನ್ನು ಮುಚ್ಚಿಡದೆ ಹೇಳಿದವರಿಗೆ ದಂಡ ಬೇಡ, ಇಲ್ಲದಿದ್ರೆ ಕ್ರ್ಯಾಕ್ ಬಂದ ಬಿಲ್ಲೆ ಇನ್ನೊಬ್ಬರ ಕೈಗೆ ಹೋಗ್ತದೆ.

ನನ್ನ ಡ್ರಿಲ್, ರೆಂಚ್, ಮಲ್ಟಿಮೀಟರ್, ಅಪ್ಪನ ಕಾಲದ ಕೀಸುಳಿ ಎಲ್ಲ ಈ ಕೋಣೆಗೆ ಕೊಡಲಿಕ್ಕೆ ನಾನು ತಯಾರು, ಭಾನುವಾರ ಬೆಳಿಗ್ಗೆ ಅಲ್ಲಿ ಕೂತು ಪುಸ್ತಕ ಬರೆಯಲಿಕ್ಕೂ ತಯಾರು, ಇನ್ನು ಕೆಲವು ಗೆಳೆಯರೂ ಒಪ್ಪಿದ್ದಾರೆ. ಬೇಕಾದದ್ದು ಸೋರದ ಒಂದು ಕೋಣೆ, ಬಾಗಿಲಿಗೆ ಗಟ್ಟಿ ಬೀಗ, ಅರ್ಥಿಂಗ್ ಸರಿ ಇರುವ ಒಂದು 16 ಆಂಪಿಯರ್ ಪ್ಲಗ್ ಪಾಯಿಂಟ್. ಯಾವುದಾದರೂ ಯುವಕ ಮಂಡಲದವರು, ಲೈಬ್ರರಿಯವರು, ಫ್ಲ್ಯಾಟಿನ ಅಸೋಸಿಯೇಶನಿನವರು ಕೊಡುವುದಾದ್ರೆ ದಯವಿಟ್ಟು ಇದೇ ಅಂಕಣಕ್ಕೆ ಎರಡು ಸಾಲು ಬರೀರಿ. ಮಳೆ ಶುರುವಾಗುವ ಮೊದಲೇ ಆದ್ರೆ ಒಳ್ಳೆದು, ಮಾಡಿನ ಕೆಲಸಕ್ಕೆ ಏಣಿ ಕೇಳಿಕೊಂಡು ಜನ ಬರುವುದು ಮೇ ತಿಂಗಳಲ್ಲೇ.

ಇಂತಿ,
ಒಬ್ಬ ಓದುಗ, ಉಡುಪಿ