ಲೆಟ್ಟೊ-ಫೋರ್ಬೆಕ್: ಶೌರ್ಯದ ಕಥೆಯಲ್ಲಿ ಕಾಣದ ಹೊರೆಯಾಳುಗಳು

ಮಾನ್ಯ ಸಂಪಾದಕರೇ,

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪೂರ್ವ ಆಫ್ರಿಕಾದ (ಮುಖ್ಯವಾಗಿ ಇಂದಿನ ತಾಂಜಾನಿಯಾ) ಸೇನೆಯನ್ನು ಮುನ್ನಡೆಸಿದ ಪೌಲ್ ಫಾನ್ ಲೆಟ್ಟೊ-ಫೋರ್ಬೆಕ್ ಅವರನ್ನು ಸೋಲರಿಯದ ಸೇನಾನಿ ಎಂದು ಕೊಂಡಾಡಿ ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಅವರ ಯುದ್ಧಕೌಶಲದ ಬಗ್ಗೆ ಲೇಖಕರು ಹೇಳಿರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಆ ನಾಲ್ಕು ವರ್ಷಗಳ ಯುದ್ಧದ ಭಾರವನ್ನು ಹೊತ್ತವರು ಯಾರು ಎಂಬ ಪ್ರಶ್ನೆಯನ್ನೇ ಲೇಖನ ಎತ್ತಿಲ್ಲ.

1914ರ ನವೆಂಬರ್‌ನಲ್ಲಿ ಆ ವಸಾಹತಿನ ಬಂದರು ಟಾಂಗಾದ ಮೇಲೆ ಬ್ರಿಟಿಷರು ದಾಳಿ ಮಾಡಿ ಸೋತ ಕದನಕ್ಕೆ ಲೇಖನ ಒಂದೇ ಸಾಲು ಮೀಸಲಿಟ್ಟಿದೆ. ನಮ್ಮ ಓದುಗರಿಗೆ ಇದು ಅಷ್ಟೇನೂ ದೂರದ ಸಂಗತಿಯಲ್ಲ, ಏಕೆಂದರೆ ಅಲ್ಲಿ ಇಳಿದ ಸುಮಾರು ಎಂಟು ಸಾವಿರ ಜನರ ಬ್ರಿಟಿಷ್ ದಂಡಿನಲ್ಲಿ 27ನೇ ಬೆಂಗಳೂರು ಬ್ರಿಗೇಡ್ ಕೂಡ ಇತ್ತು. ಹೆಸರು ಬೆಂಗಳೂರಿನದಾದರೂ ಅದರಲ್ಲಿದ್ದುದು ಬೇರೆ ಬೇರೆ ಕಡೆಯ ದಳಗಳು: 63ನೇ ಪಾಳಯಂಕೋಟೆ ಪದಾತಿದಳ, 98ನೇ ಪದಾತಿದಳ, 101ನೇ ಗ್ರೆನೇಡಿಯರ್ಸ್ ಮತ್ತು ಒಂದು ಬ್ರಿಟಿಷ್ ದಳ. ದಾಳಿಗೆ ಮೊದಲು ಬ್ರಿಟಿಷ್ ಯುದ್ಧನೌಕೆ ‘ಫಾಕ್ಸ್’ನ ಕಪ್ತಾನ ದಡಕ್ಕೆ ಹೋಗಿ, ಈ ಬಂದರಿನ ಮಟ್ಟಿಗಿದ್ದ ಕದನವಿರಾಮ ಇನ್ನು ಮುಂದೆ ಇಲ್ಲವೆಂದು ಜರ್ಮನ್ ಅಧಿಕಾರಿಗಳಿಗೆ ತಿಳಿಸಿ ಬಂದರು! ಆ ಅವಕಾಶ ಬಳಸಿಕೊಂಡ ಲೆಟ್ಟೊ-ಫೋರ್ಬೆಕ್, ಕಿಲಿಮಂಜಾರೋ ಕಡೆಯಲ್ಲಿದ್ದ ತಮ್ಮ ತುಕಡಿಗಳನ್ನು ಉಸಂಬಾರಾ ರೈಲಿನಲ್ಲಿ ಕರೆಸಿಕೊಂಡರು. ಸುಮಾರು ಸಾವಿರ ಜನರಿಂದ ಅವರು ಆ ದೊಡ್ಡ ದಂಡನ್ನು ಮತ್ತೆ ಹಡಗು ಹತ್ತಿಸಿದರು. ಹಿಂದೆ ಉಳಿದ ಬಂದೂಕು, ಮಷೀನ್‌ಗನ್, ಲಕ್ಷಗಟ್ಟಲೆ ತೋಟಾಗಳೆಲ್ಲ ಅವರ ಪಾಲಾದವು. ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಎಂಟುನೂರಕ್ಕೂ ಹೆಚ್ಚು. ಈ ಸೋಲಿನ ಹೊಣೆಯನ್ನು ಭಾರತೀಯ ಸಿಪಾಯಿಗಳ ತಲೆಗೆ ಕಟ್ಟುವ ರೂಢಿ ಬ್ರಿಟಿಷ್ ಬರಹಗಳಲ್ಲಿ ಬಹುಕಾಲ ಇತ್ತು. ವಾರಗಟ್ಟಲೆ ಹಡಗಿನಲ್ಲಿ ಕೂಡಿಹಾಕಿದ್ದ, ಕೆಲವರಿಗೆ ಹೊಸ ಬಂದೂಕು ಹೊರಡುವ ಮುನ್ನವಷ್ಟೇ ಸಿಕ್ಕಿದ್ದ ಜನರನ್ನು ಶತ್ರುವಿನ ಸುಳಿವನ್ನೂ ಸರಿಯಾಗಿ ತಿಳಿಯದೆ ತೋಟಗಳೊಳಗೆ ನುಗ್ಗಿಸಿದ, ಆ ದಂಡಿನ ಮುಖ್ಯಸ್ಥ ಜನರಲ್ ಐಟ್ಕನ್ ಅವರ ಯೋಜನೆಯೇ ಮೊದಲ ಆರೋಪಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಮುಖ್ಯ ವಿಷಯ. ಆ ನಾಡಿನ ಬಹುಭಾಗದಲ್ಲಿ ತ್ಸೆತ್ಸೆ ನೊಣದ ಕಾಟದಿಂದ ಕುದುರೆ, ಎತ್ತು, ಹೇಸರಗತ್ತೆಗಳು ಬದುಕುತ್ತಿರಲಿಲ್ಲ, ರಸ್ತೆಗಳೂ ಇರಲಿಲ್ಲ. ಹಾಗಾಗಿ ಫಿರಂಗಿಯ ಬಿಡಿಭಾಗದಿಂದ ಹಿಡಿದು ಹಿಟ್ಟಿನ ಚೀಲದವರೆಗೆ ಎಲ್ಲವೂ ಮನುಷ್ಯರ ತಲೆಯ ಮೇಲೆಯೇ ಸಾಗಬೇಕಿತ್ತು. ಎರಡೂ ಕಡೆಯವರು ಹಳ್ಳಿಗಳಿಂದ ಗಂಡಸರನ್ನು ಹಿಡಿದು ತಂದರು. ಬ್ರಿಟಿಷರ ಕಡೆಯ ಹೊರೆಯಾಳುಗಳಲ್ಲೇ ಸತ್ತವರು ಒಂದು ಲಕ್ಷದ ಆಸುಪಾಸು. ಅವರನ್ನು ಕೊಂದದ್ದು ಹೆಚ್ಚಾಗಿ ಗುಂಡಲ್ಲ, ರಕ್ತಭೇದಿ ಮತ್ತು ಮಲೇರಿಯಾ. ಬಾಳೆಕಾಯಿಯನ್ನೋ ಅಕ್ಕಿಯನ್ನೋ ಉಂಡು ಬೆಳೆದವರಿಗೆ ಸರಿಯಾಗಿ ಬೀಸದ, ಅರೆಬೆಂದ ಮೆಕ್ಕೆಜೋಳದ ಹಿಟ್ಟು ಕೊಟ್ಟರೆ ಹೊಟ್ಟೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಲೆಟ್ಟೊ-ಫೋರ್ಬೆಕ್ ಅವರ ಸೇನೆಯೂ ಊರೂರಿನ ಧಾನ್ಯ, ದನಗಳನ್ನು ತಿಂದೇ ಮುಂದೆ ಸಾಗಿತು. ಹಿಂದಟ್ಟಿ ಬರುವ ಶತ್ರುವಿಗೆ ಏನೂ ಸಿಗಬಾರದೆಂಬುದು ಅವರ ಲೆಕ್ಕಾಚಾರ. ಪಶ್ಚಿಮ ರಣರಂಗಕ್ಕೆ ಹೋಗಬೇಕಾದ ಬ್ರಿಟಿಷ್ ಬಲವನ್ನು ಆಫ್ರಿಕಾದಲ್ಲಿ ಕಟ್ಟಿಹಾಕುವುದು ಅವರ ಗುರಿಯಾಗಿತ್ತು. ಆ ಗುರಿಗೆ ಅಲ್ಲಿನ ರೈತರು ತೆತ್ತ ಬೆಲೆ ಅವರ ಲೆಕ್ಕದಲ್ಲಿ ಇರಲಿಲ್ಲ. ಎರಡೂ ಸೇನೆಗಳ ಸುಲಿಗೆಯ ಮೇಲೆ ಮಳೆಯೂ ಕೈಕೊಟ್ಟು ಇಂದಿನ ಮಧ್ಯ ತಾಂಜಾನಿಯಾದ ಉಗೋಗೊ ಪ್ರದೇಶದಲ್ಲಿ ಬಂದ ಬರಗಾಲಕ್ಕೆ ಸುಮಾರು ಮೂವತ್ತು ಸಾವಿರ ಜನ ಬಲಿಯಾದರೆಂಬ ಅಂದಾಜಿದೆ. ಇದು ಶತ್ರುಗಳ ದೂರಷ್ಟೇ ಅಲ್ಲ. ಲೆಟ್ಟೊ-ಫೋರ್ಬೆಕ್ ಅವರದೇ ಸೇನೆಯಲ್ಲಿದ್ದ ವೈದ್ಯ ಲುಡ್ವಿಗ್ ಡೆಪ್ಪೆ, ತಾವು ಹಾದುಹೋದಲ್ಲೆಲ್ಲ ಹಾಳಾದ ಹೊಲಗಳನ್ನೂ ಹಸಿವನ್ನೂ ಬಿಟ್ಟು ಹೋಗುತ್ತಿದ್ದೇವೆಂದು ಬರೆದಿಟ್ಟಿದ್ದಾರೆ. 1916ರಲ್ಲಿ ಜರ್ಮನಿಯ ಅತ್ಯುನ್ನತ ಸೇನಾ ಪದಕ ‘ಪೂರ್ ಲೆ ಮೆರಿಟ್’ ಲೆಟ್ಟೊ-ಫೋರ್ಬೆಕ್ ಅವರಿಗೆ ಸಂದಿತೆಂದು ವಿವರವಾಗಿ ತಿಳಿಸುವ ಲೇಖನದಲ್ಲಿ ಈ ಸಾಕ್ಷ್ಯಕ್ಕೆ ನಾಲ್ಕು ಸಾಲಿನ ಜಾಗವಾದರೂ ಇರಬೇಕಿತ್ತು.

ಅವರು ಆಫ್ರಿಕನ್ನರನ್ನು ಸಮಾನರೆಂದು ಕಂಡರು ಎಂಬ ಲೇಖನದ ಮಾತಂತೂ ಒಪ್ಪತಕ್ಕದ್ದಲ್ಲ. ‘ಅಸ್ಕಾರಿ’ಗಳೆಂಬ ಆಫ್ರಿಕನ್ ಸಿಪಾಯಿಗಳಲ್ಲಿ ಅನೇಕರು ಕೊನೆಯವರೆಗೂ ಅವರ ಜೊತೆಗಿದ್ದುದು ನಿಜ, ಕದನವಿರಾಮದ ಸುದ್ದಿ ತಡವಾಗಿ ತಲುಪಿ, 1918ರ ನವೆಂಬರ್ 25ರಂದು ಅಬರ್‌ಕಾರ್ನ್‌ನಲ್ಲಿ (ಇಂದಿನ ಜಾಂಬಿಯಾದಲ್ಲಿದೆ) ಶಸ್ತ್ರ ಒಪ್ಪಿಸಿದಾಗ ಸಾವಿರಕ್ಕೂ ಹೆಚ್ಚು ಅಸ್ಕಾರಿಗಳು ಉಳಿದಿದ್ದರು. ಆದರೆ ಇದೇ ಅಧಿಕಾರಿ 1904ರಲ್ಲಿ, ಇಂದಿನ ನಮೀಬಿಯಾದಲ್ಲಿ ಹೆರೆರೊ ಜನರ ನಿರ್ನಾಮಕ್ಕೆ ಆಜ್ಞೆ ಹೊರಡಿಸಿದ ಜನರಲ್ ಫಾನ್ ಟ್ರೋಥಾ ಅವರ ಅಧೀನದಲ್ಲಿ ಸೇವೆ ಸಲ್ಲಿಸಿದ್ದರು. ಅಲ್ಲಿ ನಡೆದದ್ದು ಜನಾಂಗಹತ್ಯೆ ಎಂದು 2021ರಲ್ಲಿ ಜರ್ಮನ್ ಸರ್ಕಾರವೇ ಒಪ್ಪಿಕೊಂಡಿದೆ.

ರಾಜಕೀಯದಿಂದ ದೂರವಿದ್ದ ಸೈನಿಕ ಎಂಬ ಲೇಖನದ ವರ್ಣನೆಗೂ ತಿದ್ದುಪಡಿ ಬೇಕು. 1920ರಲ್ಲಿ ಚುನಾಯಿತ ಸರ್ಕಾರವನ್ನು ಉರುಳಿಸಲು ನಡೆದ ಕಾಪ್ ದಂಗೆಯ ಪಕ್ಷ ವಹಿಸಿ ಅವರು ಸೇನೆಯ ಹುದ್ದೆ ಕಳೆದುಕೊಂಡರು. 1928ರಲ್ಲಿ ಬಲಪಂಥೀಯ ರಾಷ್ಟ್ರವಾದಿ ಪಕ್ಷದಿಂದ ಸಂಸತ್ತಿಗೆ ಆಯ್ಕೆಯಾದರು.

ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಬಗ್ಗೆ ನಮ್ಮ ಪತ್ರಿಕೆಗಳು ಆಗಾಗ ಬರೆಯುತ್ತಲೇ ಇವೆ, ಅದು ಸರಿಯೇ. ಪುರವಣಿ ಈ ವಿಷಯಕ್ಕೆ ಮತ್ತೆ ಜಾಗ ಕೊಡುವುದಾದರೆ, ಟಾಂಗಾದಲ್ಲಿ ಸತ್ತು ಅಲ್ಲಿಯೇ ಮಣ್ಣಾದ ಭಾರತೀಯ ಸಿಪಾಯಿಗಳ ಬಗ್ಗೆ, ಅವರ ಹಿಂದೆ ಹೊರೆ ಹೊತ್ತು ನಡೆದ ಆಫ್ರಿಕನ್ನರ ಬಗ್ಗೆ ಒಂದು ಲೇಖನ ಬರೆಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಇತಿಹಾಸದ ನಿವೃತ್ತ ಅಧ್ಯಾಪಕ, ಮೈಸೂರು