ಕೆರೆ ಅಂದರೆ ಅದರ ಕಾಲುವೆಯೂ ಸೇರಿದೆ

ಸಂಪಾದಕರೇ,

ಹವಾಮಾನ ಬದಲಾವಣೆಯ ಕೆಟ್ಟ ಪರಿಣಾಮಗಳಿಂದ ರಕ್ಷಣೆ ಪಡೆಯುವುದೂ ಜನರ ಹಕ್ಕು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿ, ಬದುಕುವ ಹಕ್ಕು ಕೊಡುವ 21ನೇ ವಿಧಿಗಳಲ್ಲೇ ಅದು ಅಡಗಿದೆ ಎಂದಿದೆ. ದೊಡ್ಡ ಮಾತು. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮೂರ ಕೆರೆ.

ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆಗಳೇ ಆಧಾರ. ಮಳೆ ಈಗ ಮೊದಲಿನಂತೆ ಹದವಾಗಿ ಬರುವುದಿಲ್ಲ, ಬಂದರೆ ಒಂದೇ ರಾತ್ರಿ ಸುರಿದು ಹೋಗುತ್ತದೆ. ಹೋದ ವರ್ಷ ಹಾಗೇ ಆಯಿತು. ಬೆಳಿಗ್ಗೆ ಕೆರೆಯ ಏರಿ ಮೇಲೆ ನಿಂತು ನೋಡಿದರೆ ಕೆರೆಯಲ್ಲಿ ಮೊಣಕಾಲುದ್ದ ನೀರೂ ಇಲ್ಲ! ಕೆರೆಗೆ ಮಳೆನೀರು ತರುವ ರಾಜಕಾಲುವೆಗೆ ಯಾರೋ ಹಳೆ ಮನೆಯ ಇಟ್ಟಿಗೆ, ಮಣ್ಣು ತಂದು ಸುರಿದಿದ್ದರು. ನೀರು ತಿರುಗಿ ರಾಗಿ ಹೊಲಕ್ಕೆ ನುಗ್ಗಿತ್ತು. ತೆನೆಗಳೆಲ್ಲ ಕೆಸರಲ್ಲಿ ಮಲಗಿದ್ದವು. ದೂರು ಕೊಟ್ಟೆವು, ಸ್ಥಳಕ್ಕೆ ಯಾರೂ ಬರಲಿಲ್ಲ.

ಕಾನೂನು ಇಲ್ಲವೇ? ಇದೆ. ನಮ್ಮ ರಾಜ್ಯದ 2014ರ ಕೆರೆ ಸಂರಕ್ಷಣಾ ಕಾಯ್ದೆ ಪ್ರಕಾರ ನೀರು ಇರಲಿ, ಇಲ್ಲದಿರಲಿ, ಕೆರೆ ಕೆರೆಯೇ. ರಾಜಕಾಲುವೆ, ತೂಬು, ಏರಿ ಎಲ್ಲವೂ ಅದರಲ್ಲಿ ಸೇರುತ್ತವೆ. ಅಂತರ್ಜಲಕ್ಕೂ 2011ರ ಕಾಯ್ದೆ ಇದೆ. ಸರ್ಕಾರ ಗುರುತಿಸಿ ಪ್ರಕಟಿಸಿದ (ಅಧಿಸೂಚಿತ) ಪ್ರದೇಶದಲ್ಲಿ ಅನುಮತಿ ಇಲ್ಲದೆ ಕೊಳವೆಬಾವಿ ಕೊರೆಯುವಂತಿಲ್ಲ.

ಹೊಸ ಕಾಯ್ದೆ ಬೇಡ. ಮುಂಗಾರಿಗೆ ಮೊದಲು ಪ್ರತಿ ತಾಲ್ಲೂಕಿನಲ್ಲೂ ರಾಜಕಾಲುವೆ ಅಳತೆ ಮಾಡಿಸಿ, ಕಲ್ಲು ನೆಡಿಸಿ. ಆ ನಕ್ಷೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ. ಹೂಳು ತೆಗೆಯಲು ಉದ್ಯೋಗ ಖಾತ್ರಿ ಕೂಲಿ ಕೊಡಿ, ಊರಿನವರು ಹಾರೆ ಹಿಡಿದು ಬರುತ್ತೇವೆ.

– ಒಬ್ಬ ರೈತ, ಮುಳಬಾಗಿಲು ತಾಲ್ಲೂಕು